ಮಹಡಿ ಏರಿತು, ಮೆಟ್ಟಿಲು ಅಗಲವಾಗಲಿಲ್ಲ

ಕೋಲ್ಕತ್ತದ ಪಾರ್ಕ್ ಸ್ಟ್ರೀಟ್‌ಗೆ ದಾಖಲೆಗಳಲ್ಲಿ ಈಗ ಮದರ್ ತೆರೇಸಾ ಸರಣಿ ಎಂಬ ಹೆಸರಿದೆ. ಜನರ ಬಾಯಲ್ಲಿ ಅದು ಇಂದಿಗೂ ಪಾರ್ಕ್ ಸ್ಟ್ರೀಟೇ. ಆ ಬೀದಿಗೆ ಮಿಡ್ಲ್‌ಟನ್ ರೋ ಬಂದು ಸೇರುವ ಮೂಲೆಯಲ್ಲಿ ಸ್ಟೀಫನ್ ಕೋರ್ಟ್ ಎಂಬ ಭಾರಿ ಕಟ್ಟಡವಿದೆ. ಕೆಳಗೆ 1927ರಿಂದ ಹೆಸರಾದ ಫ್ಲುರೀಸ್ ಬೇಕರಿ, ಅದೇ ಸಾಲಿನಲ್ಲಿ ಪೀಟರ್ ಕ್ಯಾಟ್ ರೆಸ್ಟೊರೆಂಟ್, ಮೇಲೆ ಮನೆಗಳು, ಕಚೇರಿಗಳು. 2010ರ ಮಾರ್ಚ್ 23ರ ಮಂಗಳವಾರ ಮಧ್ಯಾಹ್ನ ಈ ಕಟ್ಟಡದ ಮೇಲಿನ ಮಹಡಿಗಳಿಗೆ ಬೆಂಕಿ ಬಿತ್ತು. 43 ಜನ ಸತ್ತರು. ಕೆಲವರು ಹೊಗೆಗೆ ಉಸಿರುಕಟ್ಟಿ, ಕೆಲವರು ಉರಿಯಲ್ಲಿ ಬೆಂದು, ಕೆಲವರು ಕಿಟಕಿಯಂಚಿನಿಂದ ಕೆಳಗೆ ಹಾರಿ. ಕೆಳಗಿಳಿಯುವ ದಾರಿಯಲ್ಲಿ ಹೊಗೆ ತುಂಬಿದಾಗ ಮೇಲಕ್ಕೆ ಓಡಿದವರಿಗೆ ತಾರಸಿಯ ಬಾಗಿಲಲ್ಲಿ ಬೀಗ ಎದುರಾಯಿತು. ಇದಕ್ಕೆ ಸರಿಯಾಗಿ ನಾಲ್ಕು ವಾರ ಹಿಂದೆ, ಫೆಬ್ರುವರಿ 23ರ ಮಂಗಳವಾರ, ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿ 9 ಜನ ಸತ್ತಿದ್ದರು. ಅಲ್ಲಿಯೂ ಹೊರಹೋಗುವ ದಾರಿಗಳು ಮುಚ್ಚಿದ್ದವು, ಅಲ್ಲಿಯೂ ಜನ ಗಾಜು ಒಡೆದು ಹಾರಿದ್ದರು.

ಸ್ಟೀಫನ್ ಕೋರ್ಟ್ ಕಟ್ಟಿಸಿದವರು ಅರಾಥೂನ್ ಸ್ಟೀಫನ್, ಕೋಲ್ಕತ್ತದ ಗ್ರ್ಯಾಂಡ್ ಹೋಟೆಲ್ ಕಟ್ಟಿಸಿದ ಅರ್ಮೇನಿಯನ್ ಉದ್ಯಮಿ. ಕಾಲ 1920ರ ಆಸುಪಾಸು. ಎತ್ತರದ ಚಾವಣಿ, ಮರದ ಮೆಟ್ಟಿಲು, ದಪ್ಪ ಗೋಡೆ ಎಂದೆಲ್ಲ ಲೆಕ್ಕ ಹಾಕಿ, ಇಷ್ಟು ಸಂಸಾರಗಳು ಇಲ್ಲಿ ಬಾಳುತ್ತವೆ ಎಂದು ಎಣಿಸಿ ಕಟ್ಟುವ ಕಾಲ ಅದು. ಕಾಲ ಕಳೆದಂತೆ ಮನೆಗಳಿದ್ದ ಕಡೆ ಕಚೇರಿಗಳು ಬಂದವು, ಹೊಸ ತಂತಿಗಳು ಹಳೆಯ ಗೋಡೆ ಹತ್ತಿದವು. 1980ರ ದಶಕದಲ್ಲಿ ಮೇಲಿನ ಎರಡು ಮಹಡಿಗಳನ್ನು ಅನುಮತಿಯಿಲ್ಲದೆ ಏರಿಸಲಾಗಿತ್ತು, ಆಮೇಲೆ ದಂಡ ಕಟ್ಟಿಸಿಕೊಂಡು ಅವನ್ನು ಸಕ್ರಮ ಮಾಡಲಾಗಿತ್ತು ಎಂಬುದು ದುರಂತದ ಬಳಿಕ ಬೆಳಕಿಗೆ ಬಂತು. ಅಂದರೆ ಬೆಂಕಿ ಬಿದ್ದ ದಿನ ಆ ಮಹಡಿಗಳು ಕಾಗದದ ಮೇಲೆ ತಪ್ಪೇನೂ ಇಲ್ಲದ ಮಹಡಿಗಳು. ಈ ಒಂದು ಸಂಗತಿಯನ್ನು ಹಿಡಿದು ಯೋಚಿಸಿದರೆ ಕಟ್ಟಡ ಪರವಾನಗಿ ಎಂದರೆ ಏನು, ಅದು ಯಾರಿಗಾಗಿ ಇದೆ ಎಂಬ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಕೊಟ್ಟುಕೊಳ್ಳುವ ಉತ್ತರ ಎಷ್ಟು ಅರೆಬರೆಯದು ಎಂಬುದು ತಿಳಿಯುತ್ತದೆ.

ನಮ್ಮ ರೂಢಿಯ ತಿಳಿವಳಿಕೆಯಲ್ಲಿ ಪರವಾನಗಿ ಎಂಬುದು ಕಟ್ಟುವವನಿಗೂ ಪಾಲಿಕೆಗೂ ನಡುವಿನ ವ್ಯವಹಾರ. ಜಾಗ ನನ್ನದು, ಹಣ ನನ್ನದು, ಪಾಲಿಕೆಗೆ ಶುಲ್ಕ ಕೊಟ್ಟು ಒಪ್ಪಿಗೆ ಪಡೆಯುತ್ತೇನೆ. ತಪ್ಪಿದರೆ ದಂಡ ಕೊಡುತ್ತೇನೆ, ಲೆಕ್ಕ ಚುಕ್ತಾ. ಈ ಲೆಕ್ಕದಲ್ಲಿ ಮೂರನೆಯವರು ಬಿಟ್ಟುಹೋಗಿದ್ದಾರೆ. ಆ ಕಟ್ಟಡಕ್ಕೆ ನಾಳೆ ಕೆಲಸಕ್ಕೆ ಬರುವ ಗುಮಾಸ್ತೆ, ಊಟಕ್ಕೆ ಬರುವ ಗಿರಾಕಿ, ಪಕ್ಕದ ಶೀಟಿನ ಮನೆಯಲ್ಲಿ ಮಲಗುವ ಮಗು, ಬೆಂಕಿ ಆರಿಸಲು ಒಳಗೆ ನುಗ್ಗುವ ಅಗ್ನಿಶಾಮಕ ಸಿಬ್ಬಂದಿ. ಇವರಲ್ಲಿ ಯಾರೂ ನಕ್ಷೆಯನ್ನು ನೋಡಿರುವುದಿಲ್ಲ, ನೋಡುವುದೂ ಇಲ್ಲ. ಆದರೂ ಬಾಗಿಲು ದಾಟಿ ಒಳಗೆ ಕಾಲಿಡುವಾಗ ಯಾರೋ ನೋಡಿ ಒಪ್ಪಿದ್ದಾರೆ ಎಂಬ ನಂಬಿಕೆಯ ಮೇಲೆ ಕಾಲಿಡುತ್ತಾರೆ. ಪರವಾನಗಿ ಎಂದರೆ ಆ ಮೂರನೆಯವರಿಗೆ ಕೊಟ್ಟ ಮಾತು. ಪಾಲಿಕೆ ಆ ಮಾತನ್ನು ಅವರ ಪರವಾಗಿ ಕಾಪಾಡುವ ಜವಾಬ್ದಾರಿ ಹೊತ್ತಿದೆ ಅಷ್ಟೆ. ಹಾಗಿರುವಾಗ ಅವರ ಜೀವಕ್ಕೆ ಸಂಬಂಧಿಸಿದ್ದನ್ನು ದಂಡಕ್ಕೆ ಬಿಟ್ಟುಕೊಡುವ ಹಕ್ಕು ಪಾಲಿಕೆಗೆ ಬಂದದ್ದು ಎಲ್ಲಿಂದ? ಈ ಲೇಖನದ ವಾದ ಇಷ್ಟೇ: ಕಟ್ಟಡದ ಅನುಮತಿ ಮತ್ತು ಅದರೊಳಗೆ ನಡೆಯುವ ವ್ಯಾಪಾರದ ಅನುಮತಿ ಒಂದನ್ನೊಂದು ಕೇಳಿಕೊಂಡು ನಡೆಯಬೇಕು, ಮತ್ತು ಜೀವ ಉಳಿಸುವ ಅಂಶಗಳಲ್ಲಿ ಹಣ ಕಟ್ಟಿ ಸಕ್ರಮ ಮಾಡಿಕೊಳ್ಳುವ ದಾರಿ ಇರಬಾರದು.

ಎರಡು ಮೇಜು, ಒಂದು ಕಟ್ಟಡ

ಕರ್ನಾಟಕದ ನಗರವೊಂದರಲ್ಲಿ ಕಟ್ಟಡ ಎದ್ದು ನಿಲ್ಲುವ ಕ್ರಮವನ್ನು ಒಮ್ಮೆ ನೋಡೋಣ. ಮೊದಲು ಜಾಗದ ಕಾಗದ: ಕೃಷಿ ಜಮೀನಾದರೆ ಭೂಪರಿವರ್ತನೆ, ಆಮೇಲೆ ಬಡಾವಣೆಗೆ ಅನುಮೋದನೆ, ಪಾಲಿಕೆಯಲ್ಲಿ ಖಾತೆ. ನಂತರ ನಕ್ಷೆ ಮಂಜೂರಾತಿ. ಇಲ್ಲಿ ನಗರ ಯೋಜನೆ ವಿಭಾಗದ ಎಂಜಿನಿಯರ್‌ಗಳು ರಸ್ತೆಯ ಅಗಲ, ನಿವೇಶನದ ಅಳತೆ, ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್, ನೆಲವಿಸ್ತೀರ್ಣದ ಅನುಪಾತ, ಎತ್ತರ, ವಾಹನ ನಿಲುಗಡೆ ಇವನ್ನೆಲ್ಲ ನೋಡಬೇಕು. ಕಟ್ಟಡ ಎತ್ತರದ್ದಾದರೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಪಾಯ ಎದ್ದ ಮೇಲೆ ಸ್ಥಳ ಪರಿಶೀಲನೆ, ಪ್ರಾರಂಭಿಕ ಪ್ರಮಾಣಪತ್ರ. ಎಲ್ಲ ಮುಗಿದ ಮೇಲೆ, ಕಟ್ಟಿದ್ದು ನಕ್ಷೆಯಂತೆಯೇ ಇದೆ ಎಂದು ಖಾತ್ರಿಪಡಿಸುವ ಸ್ವಾಧೀನಾನುಭವ ಪತ್ರ, ಎಲ್ಲರೂ ಓಸಿ ಎಂದು ಕರೆಯುವ ಕಾಗದ. ಈ ಸರಪಳಿಯಲ್ಲಿ ಕೊನೆಯ ಕೊಂಡಿಗೆ ಇರುವ ಬೆಲೆ ದೊಡ್ಡದು. ನಕ್ಷೆ ಹೇಳುವುದು ಏನು ಕಟ್ಟುತ್ತೇನೆ ಎಂಬುದನ್ನು. ಓಸಿ ಹೇಳುವುದು ಏನು ಕಟ್ಟಿದ್ದೇನೆ ಎಂಬುದನ್ನು. ಆದರೆ ನಮ್ಮಲ್ಲಿ ಅತಿ ಹೆಚ್ಚು ಬಿಟ್ಟುಹೋಗುವ ಕಾಗದವೂ ಅದೇ. ನಕ್ಷೆ ಇದ್ದರೆ ಬ್ಯಾಂಕ್ ಸಾಲ ಸಿಗುತ್ತದೆ, ಕೆಲಸ ಶುರುವಾಗುತ್ತದೆ. ಓಸಿ ಇಲ್ಲದಿದ್ದರೂ ಬಾಡಿಗೆಗೆ ಜನ ಬರುತ್ತಾರೆ.

ಇನ್ನು ಅಂಗಡಿ, ಹೋಟೆಲ್, ಗೋದಾಮು ತೆರೆಯುವವರ ಕಥೆ ಬೇರೆ ಮೇಜಿನಲ್ಲಿ ನಡೆಯುತ್ತದೆ. ಉದ್ದಿಮೆ ಪರವಾನಗಿಯ ಕಡತ ಬೆಂಗಳೂರಿನಲ್ಲಿ ಬಹುಕಾಲ ನಡೆದದ್ದು ಪಾಲಿಕೆಯ ಆರೋಗ್ಯ ವಿಭಾಗದಲ್ಲಿ. ಅದರ ಹಿಂದಿನ ಚಿಂತೆ ಹಳೆಯದು, ಮತ್ತು ನ್ಯಾಯವಾದದ್ದೇ: ಕೊಳಕು, ಹೊಗೆ, ಗದ್ದಲ, ಕೆಟ್ಟ ಆಹಾರ ನೆರೆಯವರಿಗೆ ತೊಂದರೆ ಕೊಡಬಾರದು. ಹೀಗಾಗಿ ನಕ್ಷೆ ಒಪ್ಪಿದ ಎಂಜಿನಿಯರ್ ಒಂದು ಕಡೆ, ವ್ಯಾಪಾರಕ್ಕೆ ಒಪ್ಪಿಗೆ ಕೊಡುವ ಆರೋಗ್ಯಾಧಿಕಾರಿ ಇನ್ನೊಂದು ಕಡೆ. ಕೋಲ್ಕತ್ತದಲ್ಲಿ ಈ ಅಂತರ ಇನ್ನೂ ಸ್ಪಷ್ಟ. ಅಲ್ಲಿ 1980ರ ಮಹಾನಗರಪಾಲಿಕೆ ಕಾಯ್ದೆಯ ಪ್ರಕಾರ ವ್ಯಾಪಾರಿ ಪಡೆಯುವುದು ಸರ್ಟಿಫಿಕೇಟ್ ಆಫ್ ಎನ್‌ಲಿಸ್ಟ್‌ಮೆಂಟ್. ಹೆಸರೇ ಹೇಳುವಂತೆ ಅದು ಹೆಸರು ದಾಖಲಿಸಿಕೊಳ್ಳುವ ಪತ್ರ, ಹುಟ್ಟಿನಿಂದ ತೆರಿಗೆಯ ಬಾಬತ್ತು. ನಕ್ಷೆಯನ್ನು ನೋಡುವುದು ಕಟ್ಟಡ ವಿಭಾಗ, ಅಗ್ನಿ ಸುರಕ್ಷತೆಯನ್ನು ನೋಡುವುದು ರಾಜ್ಯದ ಅಗ್ನಿಶಾಮಕ ಇಲಾಖೆ. ಕಟ್ಟಡ ವಿಭಾಗ ಮಹಡಿಗಳನ್ನು ಎಣಿಸುತ್ತದೆ, ಲೈಸೆನ್ಸ್ ವಿಭಾಗ ಅಂಗಡಿಗಳನ್ನು ಎಣಿಸುತ್ತದೆ. ಒಳಗೆ ಎಷ್ಟು ಜನ ಇರುತ್ತಾರೆ ಎಂದು ಎಣಿಸುವವರು ಮಾತ್ರ ಇಲ್ಲ.

ಈ ಎಣಿಕೆ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಕೋಲ್ಕತ್ತವೇ ಮತ್ತೊಂದು ಸಾಕ್ಷಿ ಕೊಟ್ಟಿತು. ಸ್ಟೀಫನ್ ಕೋರ್ಟ್ ಉರಿದು ಎರಡು ವರ್ಷ ತುಂಬುವ ಮೊದಲೇ, 2011ರ ಡಿಸೆಂಬರ್ 9ರ ನಸುಕಿನಲ್ಲಿ, ಢಾಕುರಿಯಾದ ಎಎಂಆರ್‌ಐ ಆಸ್ಪತ್ರೆಯಲ್ಲಿ ಬೆಂಕಿ ಕಾಣಿಸಿಕೊಂಡು ಸುಮಾರು 90 ಜನ ಸತ್ತರು. ಹೆಚ್ಚಿನವರು ಹಾಸಿಗೆಯಿಂದ ಏಳಲಾರದ ರೋಗಿಗಳು. ಬೆಂಕಿ ಎದ್ದದ್ದು ನೆಲಮಾಳಿಗೆಯಲ್ಲಿ. ವಾಹನ ನಿಲ್ಲಿಸಲೆಂದು ಒಪ್ಪಿಗೆಯಾಗಿದ್ದ ಆ ಜಾಗದಲ್ಲಿ ಸುಲಭವಾಗಿ ಹೊತ್ತಿಕೊಳ್ಳುವ ಸಾಮಾನುಗಳನ್ನು ಪೇರಿಸಲಾಗಿತ್ತು. ಅಲ್ಲಿ ಹೆಚ್ಚುವರಿ ಮಹಡಿಯ ಪ್ರಶ್ನೆ ಇರಲಿಲ್ಲ. ಬದಲಾಗಿದ್ದು ಬಳಕೆ ಮಾತ್ರ. ನಮ್ಮ ಧಾರವಾಡದಲ್ಲಿ 2019ರ ಮಾರ್ಚ್ 19ರಂದು ಕುಮಾರೇಶ್ವರ ನಗರದ ವಾಣಿಜ್ಯ ಸಂಕೀರ್ಣ ಕುಸಿದು 19 ಜನ ಸತ್ತಾಗ ಕೆಳಗಡೆ ಅಂಗಡಿಗಳು ನಡೆಯುತ್ತಿದ್ದವು, ಮೇಲೆ ಕಟ್ಟುವ ಕೆಲಸ ಸಾಗಿತ್ತು. ಕಟ್ಟಿ ಮುಗಿಯದ ಕಟ್ಟಡಕ್ಕೆ ಓಸಿ ಕೊಡುವ ಪ್ರಶ್ನೆಯೇ ಇಲ್ಲ. ಹಾಗಿದ್ದೂ ಅದರೊಳಗೆ ವ್ಯಾಪಾರಕ್ಕೆ ಶಟರ್ ಏಳುತ್ತದೆ ಎಂದರೆ ಒಂದು ಮೇಜಿಗೆ ಗೊತ್ತಿರುವುದು ಇನ್ನೊಂದು ಮೇಜಿಗೆ ತಲುಪಿಲ್ಲ, ಅಥವಾ ತಲುಪಿದರೂ ಅದನ್ನು ಕೇಳಬೇಕಾದ ಕಟ್ಟುಪಾಡು ಇಲ್ಲ ಎಂದೇ ಅರ್ಥ.

ಮೆಟ್ಟಿಲಿನ ಲೆಕ್ಕ

ಬಳಕೆ ಬದಲಾದರೆ ಏನು ಬದಲಾಗುತ್ತದೆ ಎಂಬುದನ್ನು ಅಂಕಿಯಲ್ಲೇ ನೋಡಬಹುದು. ಸ್ಟೀಫನ್ ಕೋರ್ಟ್ ಉರಿದಾಗ ಚಾಲ್ತಿಯಲ್ಲಿದ್ದ 2005ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕ ಹೀಗಿದೆ: ವಾಸದ ಕಟ್ಟಡದಲ್ಲಿ ತಲಾ ಒಬ್ಬರಿಗೆ 12.5 ಚದರ ಮೀಟರ್, ಕಚೇರಿಯಲ್ಲಿ 10 ಚದರ ಮೀಟರ್, ಜನ ಸೇರುವ, ಆಸನ ವ್ಯವಸ್ಥೆಯಿಲ್ಲದ ಜಾಗದಲ್ಲಿ 1.5 ಚದರ ಮೀಟರ್. ಈಗ 150 ಚದರ ಮೀಟರಿನ ಒಂದು ಮಹಡಿಯನ್ನು ಕಲ್ಪಿಸಿಕೊಳ್ಳಿ. ಅದು ಮನೆಯಾದರೆ ಲೆಕ್ಕಕ್ಕೆ 12 ಜನ. ಕಚೇರಿಯಾದರೆ 15. ಜನ ಸೇರಿ ಸಮಾರಂಭ ಮಾಡುವ ಇಂಥ ಜಾಗವಾದರೆ 100. ಗೋಡೆ ಅದೇ, ಕಂಬ ಅದೇ, ಮೆಟ್ಟಿಲು ಅದೇ. ಆ ಮೆಟ್ಟಿಲಿಗೂ ಸಂಹಿತೆ ಅಳತೆ ಕೊಟ್ಟಿದೆ: ವಾಸದ ಮನೆಗಳಿಗೆ ಕನಿಷ್ಠ 1 ಮೀಟರ್ ಅಗಲ, ಕಚೇರಿ, ಅಂಗಡಿಗಳಿಗೆ 1.5 ಮೀಟರ್, ಚಿತ್ರಮಂದಿರದಂಥ ಸಭಾಸ್ಥಳಗಳಿಗೆ 2 ಮೀಟರ್. ಈ ಅಂಕಿಗಳನ್ನು ಯಾರೂ ಮನಸ್ಸಿಗೆ ಬಂದಂತೆ ಬರೆದಿಲ್ಲ. ಹೊಗೆ ತುಂಬುವ ಕೆಲವೇ ನಿಮಿಷಗಳಲ್ಲಿ ಒಂದು ಮೆಟ್ಟಿಲು ಎಷ್ಟು ಜನರನ್ನು ಕೆಳಗಿಳಿಸಬಲ್ಲದು ಎಂಬುದೇ ಇವುಗಳ ತಿರುಳು. ಹನ್ನೆರಡು ಜನರಿಗೆ ಅಳೆದು ಮಾಡಿದ ಮೆಟ್ಟಿಲನ್ನು ನಂಬಿ ನೂರು ಜನರನ್ನು ಸೇರಿಸುವುದಕ್ಕೆ ಉದ್ದಿಮೆ ಪರವಾನಗಿ ಕೊಟ್ಟರೆ, ಆ ಪರವಾನಗಿಯ ಕಾಗದ ಎಷ್ಟೇ ಸಕ್ರಮವಾಗಿರಲಿ, ಮೆಟ್ಟಿಲು ಅಗಲವಾಗುವುದಿಲ್ಲ.

ನಮ್ಮ ಯಾವುದೇ ಊರಿನ ಹಳೆಯ ವಾಣಿಜ್ಯ ಕಟ್ಟಡದ ಮೆಟ್ಟಿಲಿನ ಬಳಿ ಒಂದು ಗಳಿಗೆ ನಿಂತು ನೋಡಿದರೆ ಈ ಲೆಕ್ಕ ಕಣ್ಣಿಗೇ ಕಾಣುತ್ತದೆ. ಕೆಳಗೆ ಮೆಟ್ಟಿಲಿನ ಅಡಿಯಲ್ಲೇ ಸಾಲಾಗಿ ವಿದ್ಯುತ್ ಮೀಟರುಗಳು, ಅವುಗಳಿಂದ ಮೇಲಕ್ಕೆ ಹಬ್ಬಿದ ತಂತಿಗಳ ಗೊಂಚಲು. ಪಕ್ಕದಲ್ಲಿ ಡೀಸೆಲ್ ಜನರೇಟರ್. ಮೊದಲ ತಿರುವಿನಲ್ಲಿ ಯಾರೋ ಇಟ್ಟ ರಟ್ಟಿನ ಪೆಟ್ಟಿಗೆಗಳು, ಎರಡನೇ ತಿರುವಿನಲ್ಲಿ ಕುಡಿಯುವ ನೀರಿನ ಕ್ಯಾನುಗಳು. ಪ್ರತಿ ಮಹಡಿಗೂ ಮಡಚುವ ಕಬ್ಬಿಣದ ಗೇಟು. ರಾತ್ರಿ ಕಳ್ಳರ ಭಯಕ್ಕೆ ಹಾಕಿದ ಬೀಗವನ್ನು ಹಗಲಲ್ಲಿ ಅರ್ಧ ಮಾತ್ರ ತೆಗೆದಿರುತ್ತಾರೆ. ತಾರಸಿಯ ಬಾಗಿಲಿಗಂತೂ ಬೀಗ ಇದ್ದೇ ಇರುತ್ತದೆ, ಕೀಲಿ ಕೈ ಮಾಲೀಕರ ಮನೆಯಲ್ಲಿ. ಇದರಲ್ಲಿ ಒಂದೊಂದಕ್ಕೂ ಒಂದೊಂದು ಸಮಜಾಯಿಷಿ ಇದೆ, ಒಂದೊಂದೂ ಚಿಕ್ಕ ವಿಷಯ. ಎಲ್ಲ ಸೇರಿದಾಗ ನಕ್ಷೆಯಲ್ಲಿದ್ದ 1.5 ಮೀಟರ್ ಮೆಟ್ಟಿಲು ನಿಜದಲ್ಲಿ ಒಬ್ಬರು ಮೈ ಓರೆ ಮಾಡಿ ಇಳಿಯುವ ಸಂದಿಯಾಗಿರುತ್ತದೆ. ಕಾರ್ಲ್‌ಟನ್ ಟವರ್ಸ್‌ನಲ್ಲೂ ಸ್ಟೀಫನ್ ಕೋರ್ಟ್‌ನಲ್ಲೂ ಜನರನ್ನು ಕೊಂದದ್ದರಲ್ಲಿ ಇಂಥ ಮುಚ್ಚಿದ ದಾರಿಯ ಪಾಲು ದೊಡ್ಡದು.

ದಂಡದ ರಸೀದಿ ಏನು ಕೊಳ್ಳುತ್ತದೆ

ಸಣ್ಣಪುಟ್ಟ ವ್ಯತ್ಯಾಸಗಳನ್ನು ದಂಡ ಹಾಕಿ ಒಪ್ಪುವುದು ಎಲ್ಲ ಕಡೆಯೂ ಇದೆ, ಇರಬೇಕು ಕೂಡ. ಮೇಸ್ತ್ರಿ ದಾರ ಹಿಡಿಯುವಾಗ ನಾಲ್ಕು ಇಂಚು ಆಚೀಚೆ ಆಗುತ್ತದೆ. ಬೆಂಗಳೂರಿನ 2003ರ ಕಟ್ಟಡ ಉಪವಿಧಿಗಳು ಶೇ 5ರ ವರೆಗಿನ ವ್ಯತ್ಯಾಸವನ್ನು ಸಕ್ರಮ ಮಾಡಲು ಅವಕಾಶ ಇಟ್ಟದ್ದು ಈ ವಿವೇಕದಿಂದಲೇ. ಆದರೆ 2007ರಲ್ಲಿ ತಿದ್ದುಪಡಿಯಾದ ಕಾಯ್ದೆಯ ಮೂಲಕ ಬಂದ ಅಕ್ರಮ–ಸಕ್ರಮ ಯೋಜನೆ ವಸತಿ ಕಟ್ಟಡಗಳಿಗೆ ಶೇ 50, ವಸತಿಯೇತರ ಕಟ್ಟಡಗಳಿಗೆ ಶೇ 25ರ ವರೆಗಿನ ಉಲ್ಲಂಘನೆಗೆ ಬಾಗಿಲು ತೆರೆಯಿತು. ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಅದನ್ನು ಎತ್ತಿಹಿಡಿದರೂ ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆ ನೀಡಿತು. ಇಲ್ಲಿ ಕೇಳಬೇಕಾದ ಪ್ರಶ್ನೆ ಶೇಕಡಾವಾರಿನದ್ದು ಮಾತ್ರವಾಗಿರಬಾರದು. ಸೆಟ್‌ಬ್ಯಾಕ್ ಎಂಬ ಖಾಲಿ ಜಾಗ ಏಕಿದೆ? ಗಾಳಿ ಬೆಳಕಿಗಾಗಿ ಇದೆ, ಒಂದು ಮನೆಯ ಬೆಂಕಿ ಇನ್ನೊಂದಕ್ಕೆ ಹಬ್ಬದಿರಲೆಂದು ಇದೆ, ಅಗ್ನಿಶಾಮಕ ವಾಹನದ ಏಣಿ ನಿಲ್ಲಲೆಂದು ಇದೆ. ಆ ಜಾಗದಲ್ಲಿ ಗೋಡೆ ಎದ್ದ ಮೇಲೆ ಎಷ್ಟು ಲಕ್ಷ ದಂಡ ಕಟ್ಟಿದರೂ ಏಣಿ ನಿಲ್ಲಿಸುವ ಜಾಗ ವಾಪಸು ಬರುವುದಿಲ್ಲ. ದಂಡದ ರಸೀದಿ ಕಟ್ಟಡದ ಹೆಸರನ್ನು ಬದಲಾಯಿಸುತ್ತದೆ, ಕಟ್ಟಡವನ್ನು ಬದಲಾಯಿಸುವುದಿಲ್ಲ. ಸ್ಟೀಫನ್ ಕೋರ್ಟ್‌ನ ಮೇಲಿನ ಎರಡು ಮಹಡಿಗಳ ಕಥೆಯ ಸಾರ ಇದು.

ಮತ್ತು ಅಕ್ರಮದ ಬೆಲೆ ಕಟ್ಟುವವರು ಯಾವಾಗಲೂ ಅಕ್ರಮ ಮಾಡಿದವರೇ ಆಗಿರುವುದಿಲ್ಲ. 2024ರ ಮಾರ್ಚ್ 17ರ ರಾತ್ರಿ ಕೋಲ್ಕತ್ತದ ಗಾರ್ಡನ್ ರೀಚ್‌ನಲ್ಲಿ ಅಕ್ರಮವಾಗಿ ಏಳುತ್ತಿದ್ದ ಐದು ಮಹಡಿಯ ಕಟ್ಟಡ ಪಕ್ಕದ ಗುಡಿಸಲುಗಳ ಮೇಲೆ ಬಿದ್ದು ಹತ್ತಕ್ಕೂ ಹೆಚ್ಚು ಜನ ಸತ್ತರು. ಅದೇ ವರ್ಷ ಅಕ್ಟೋಬರ್ 22ರಂದು ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಅನುಮತಿ ಮೀರಿ ಮಹಡಿ ಏರಿಸುತ್ತಿದ್ದ ಕಟ್ಟಡ ಕುಸಿದು 9 ಜನ ಸತ್ತರು. ಅವರು ದಿನಗೂಲಿಗೆ ದೂರದ ಊರುಗಳಿಂದ ಬಂದ ಕಾರ್ಮಿಕರು. 1983ರಲ್ಲಿ ಬೆಂಗಳೂರಿನ ಗಂಗಾರಾಮ್ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತ ದಿನದಿಂದ ಇಂದಿನವರೆಗೆ ಇದೇ ನಡೆದುಬಂದಿದೆ: ಲಾಭ ಒಬ್ಬರಿಗೆ, ಮಣ್ಣಿನಡಿ ಸಿಕ್ಕಿಕೊಳ್ಳುವವರು ಬೇರೆಯವರು. ಮೂರನೆಯವರಿಗೆ ಕೊಟ್ಟ ಮಾತು ಎಂದದ್ದು ಈ ಅರ್ಥದಲ್ಲಿ.

ಎದುರು ವಾದಗಳು

ಇದಕ್ಕೆ ಬರುವ ಮೊದಲ ಆಕ್ಷೇಪ ತೂಕದ್ದು. ನಿಯಮದಂತೆ ನಡೆಯಬೇಕೆನ್ನುವವನಿಗೂ ನಮ್ಮ ವ್ಯವಸ್ಥೆ ದಾರಿ ಕೊಡುವುದಿಲ್ಲ, ಅಕ್ರಮ ಹುಟ್ಟುವುದೇ ಕಚೇರಿಯ ಅಲೆದಾಟದಿಂದ ಎಂಬ ಮಾತು ಅದು. ಇದರಲ್ಲಿ ಬಹಳಷ್ಟು ನಿಜವಿದೆ. ಬೆಂಗಳೂರಿನ ಹೊರವಲಯದಲ್ಲಿ ಅನುಮೋದನೆ ಇಲ್ಲದ ಬಡಾವಣೆಗಳಲ್ಲಿ ಜೀವಮಾನದ ಉಳಿತಾಯ ಹಾಕಿ ನಿವೇಶನ ಕೊಂಡ ಕುಟುಂಬಗಳು ವರ್ಷಗಟ್ಟಲೆ ತೆರಿಗೆ ಕಟ್ಟಿಯೂ ಪೂರ್ಣ ಮಾನ್ಯತೆಯಿಲ್ಲದ ‘ಬಿ ಖಾತೆ’ಯಲ್ಲಿ ಉಳಿದವು, ನಕ್ಷೆ ಮಂಜೂರಾತಿ ಅವರ ಕೈಗೆ ಎಟುಕಲಿಲ್ಲ. ಕಾನೂನು ಬಾಗಿಲು ಹಾಕಿದ ಮೇಲೆ ಹಿತ್ತಿಲಿಂದ ಬಂದವರನ್ನು ಮಾತ್ರ ದೂರುವುದು ಸರಿಯಲ್ಲ. ಆದರೆ ಈ ಆಕ್ಷೇಪದಿಂದ ಹೊರಡುವ ತೀರ್ಮಾನ ಕಾಗದವನ್ನು ಸರಳ ಮಾಡಬೇಕು ಎಂಬುದು. ಮೆಟ್ಟಿಲನ್ನು ಕಿರಿದು ಮಾಡಬಹುದು ಎಂಬುದಲ್ಲ. 50x80 ಅಳತೆಯವರೆಗಿನ ನಿವೇಶನಗಳ ಮನೆಗಳಿಗೆ ನೋಂದಾಯಿತ ವಾಸ್ತುಶಿಲ್ಪಿ, ಎಂಜಿನಿಯರ್‌ಗಳ ದೃಢೀಕರಣದ ಮೇಲೆ ನಕ್ಷೆ ಕೊಡುವ ಬೆಂಗಳೂರಿನ ‘ನಂಬಿಕೆ ನಕ್ಷೆ’ ಯೋಜನೆ ಈ ದಿಕ್ಕಿನದು. 1,200 ಚದರ ಅಡಿವರೆಗಿನ ನಿವೇಶನದ ಚಿಕ್ಕ ಮನೆಗಳಿಗೆ 2025ರಲ್ಲಿ ಓಸಿಯಿಂದ ಕೊಟ್ಟ ವಿನಾಯಿತಿಯೂ ಹಾಗೆಯೇ. ಒಂದು ಸಂಸಾರ ಇರುವ ಮೂವತ್ತು–ನಲವತ್ತರ ನಿವೇಶನದ ಮನೆಯಲ್ಲಿ ಅಪಾಯ ಕಡಿಮೆ, ಅಲ್ಲಿ ಕಾಗದವೂ ಕಡಿಮೆ ಇರಲಿ. ಆ ಮನೆಯೇ ನಾಳೆ ಮೂವತ್ತು ಹಾಸಿಗೆಯ ಪಿ.ಜಿ. ಆದರೆ, ಕೆಳಗೆ ಗ್ಯಾಸ್ ಸಿಲಿಂಡರ್ ಗೋದಾಮಾದರೆ, ಆ ಕ್ಷಣದಿಂದ ವಿನಾಯಿತಿ ನಿಲ್ಲಬೇಕು. ಸರಳತೆಯನ್ನು ಮನೆಯ ಗಾತ್ರಕ್ಕೆ ಮಾತ್ರ ಕಟ್ಟಿಹಾಕಿ ಬಳಕೆಯನ್ನು ಕೇಳದೆ ಬಿಟ್ಟರೆ ಸ್ಟೀಫನ್ ಕೋರ್ಟ್‌ನ ತಪ್ಪನ್ನೇ ಚಿಕ್ಕ ಅಳತೆಯಲ್ಲಿ ಸಾವಿರ ಕಡೆ ಮಾಡಿದಂತೆ.

ಎರಡನೆಯ ಆಕ್ಷೇಪ ಹೊಟ್ಟೆಪಾಡಿನದು. ಕಟ್ಟಡಕ್ಕೆ ಓಸಿ ಇಲ್ಲವೆಂದು ಉದ್ದಿಮೆ ಪರವಾನಗಿ ನಿರಾಕರಿಸಿದರೆ ಶಿಕ್ಷೆಯಾಗುವುದು ಬಾಡಿಗೆಗಿರುವ ವ್ಯಾಪಾರಿಗೆ, ತಪ್ಪು ಮಾಡಿದ್ದು ಮಾಲೀಕ. ಈ ವಿಷಯದಲ್ಲಿ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಕೊಟ್ಟ ತೀರ್ಪು ಕಟ್ಟುನಿಟ್ಟಾಗಿದೆ. ಮೀರತ್‌ನ ಶಾಸ್ತ್ರಿನಗರದಲ್ಲಿ ವಸತಿಗೆಂದು ಕೊಟ್ಟ ನಿವೇಶನದಲ್ಲಿ ಅಂಗಡಿಗಳು ಎದ್ದ ಪ್ರಕರಣ ಅದು. ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹಾದೇವನ್ ಅವರಿದ್ದ ಪೀಠ, ಎಷ್ಟು ವರ್ಷ ಕಳೆದಿದ್ದರೂ, ಎಷ್ಟು ಹಣ ಹೂಡಿದ್ದರೂ, ಅಧಿಕಾರಿಗಳು ಎಷ್ಟು ಕಾಲ ಸುಮ್ಮನಿದ್ದರೂ ಅಕ್ರಮ ಸಕ್ರಮವಾಗುವುದಿಲ್ಲ ಎಂದಿತು. ಓಸಿ ತೋರಿಸಿದ ಮೇಲೆಯೇ ವಿದ್ಯುತ್, ನೀರಿನ ಸಂಪರ್ಕ, ಅನಧಿಕೃತ ಕಟ್ಟಡದಲ್ಲಿ ಯಾವ ವ್ಯಾಪಾರಕ್ಕೂ ಪರವಾನಗಿ ಇಲ್ಲ, ಕಟ್ಟುವ ಜಾಗದಲ್ಲಿ ಮಂಜೂರಾದ ನಕ್ಷೆ ಎಲ್ಲರಿಗೂ ಕಾಣುವಂತಿರಬೇಕು, ತಪ್ಪು ಕಾಗದ ಕೊಟ್ಟ ಅಧಿಕಾರಿಯ ಮೇಲೆ ಇಲಾಖಾ ಕ್ರಮ ಆಗಬೇಕು ಎಂದು ನಿರ್ದೇಶಿಸಿತು. ಎರಡು ಮೇಜುಗಳು ಮಾತಾಡಿಕೊಳ್ಳಲಿ ಎಂದು ದೇಶದ ಅತಿ ದೊಡ್ಡ ನ್ಯಾಯಾಲಯವೇ ಹೇಳಿದಂತಾಯಿತು. ಆದರೆ ಅದನ್ನು ಜಾರಿಗೆ ತರುವಾಗ ವ್ಯಾಪಾರಿಯ ಅಳಲನ್ನು ಪಕ್ಕಕ್ಕೆ ತಳ್ಳುವಂತಿಲ್ಲ. ಹೊಲಿಗೆ ಅಂಗಡಿ, ಕಿರಾಣಿ ಅಂಗಡಿ ಒಂದು ಬಗೆ. ಬಾರ್, ಕೋಚಿಂಗ್ ಸೆಂಟರ್, ಆಸ್ಪತ್ರೆ, ಬಟ್ಟೆ ಗೋದಾಮು ಬೇರೆ ಬಗೆ. ಜನ ತುಂಬುವ, ಬೇಗ ಹೊತ್ತಿಕೊಳ್ಳುವ ಉದ್ದಿಮೆಗಳಿಂದ ಶುರುಮಾಡಿ, ಚಿಕ್ಕ ಅಂಗಡಿಗಳಿಗೆ ಕಾಲಾವಕಾಶ ಕೊಟ್ಟು, ಓಸಿ ತರುವ ಹೊಣೆಯನ್ನು ಬಾಡಿಗೆ ಕರಾರಿನಲ್ಲೇ ಮಾಲೀಕನ ಮೇಲೆ ಹಾಕಬಹುದು. ಅಂಗಡಿ ಮುಚ್ಚಿದ ದಿನಗಳ ನಷ್ಟ ಮಾಲೀಕನದಾಗಲಿ. ಆಗ ಓಸಿ ಕೇಳುವವರು ಪಾಲಿಕೆಯೊಂದೇ ಆಗಿ ಉಳಿಯುವುದಿಲ್ಲ, ಪ್ರತಿ ಬಾಡಿಗೆದಾರನೂ ಕೇಳುತ್ತಾನೆ.

ಮೂರನೆಯದು ಹಳೆಯ ಕಟ್ಟಡಗಳ ಪ್ರಶ್ನೆ. ನೂರು ವರ್ಷದ ಕಟ್ಟಡವನ್ನು ಇಂದಿನ ಸಂಹಿತೆಯಿಂದ ಅಳೆದರೆ ಪಾರ್ಕ್ ಸ್ಟ್ರೀಟ್‌ನ ಅರ್ಧ ಭಾಗವನ್ನೇ ಕೆಡವಬೇಕಾಗುತ್ತದೆ, ಬೆಂಗಳೂರಿನ ಚಿಕ್ಕಪೇಟೆ, ಮೈಸೂರಿನ ದೇವರಾಜ ಅರಸು ರಸ್ತೆಯ ಹಳೆಯ ಕಟ್ಟಡಗಳು ಉಳಿಯುವುದಿಲ್ಲ ಎನ್ನುತ್ತಾರೆ. ಹಳೆಯದನ್ನು ಪ್ರೀತಿಸುವವರು ಎತ್ತುವ ಈ ಆಕ್ಷೇಪದೊಳಗೇ ಅದರ ಪರಿಹಾರವೂ ಇದೆ. ಹಳೆಯ ಕಟ್ಟಡದ ಮಿತಿ ಗೊತ್ತಿದೆ ಎಂದಾದರೆ ಆ ಮಿತಿಗೆ ತಕ್ಕ ಬಳಕೆ ಇರಲಿ. ಮೆಟ್ಟಿಲು ಅಗಲ ಮಾಡಲಾಗದಿದ್ದರೆ ಜನರನ್ನು ಕಡಿಮೆ ಮಾಡಬಹುದು. ತಂತಿ ಹೊಸದಾಗಿ ಎಳೆಯಬಹುದು, ಮೀಟರುಗಳನ್ನು ಮೆಟ್ಟಿಲಿನಡಿಯಿಂದ ತೆಗೆಯಬಹುದು, ಹಿಂಬದಿಗೆ ಕಬ್ಬಿಣದ ಮೆಟ್ಟಿಲು ಜೋಡಿಸಬಹುದು, ತಾರಸಿಯ ಬಾಗಿಲಿಗೆ ಬೀಗದ ಬದಲು ಒಳಗಿನಿಂದ ತಳ್ಳಿದರೆ ತೆರೆಯುವ ಚಿಲಕ ಹಾಕಬಹುದು. ಸ್ಟೀಫನ್ ಕೋರ್ಟ್‌ಗೆ ಅಪಾಯ ತಂದದ್ದು ಅದರ ವಯಸ್ಸೊಂದೇ ಅಲ್ಲ. ಆ ವಯಸ್ಸಿನ ಮೈಮೇಲೆ ಹೊಸ ಭಾರ ಹೇರಿದ್ದು. ಅಜ್ಜನ ಕಾಲದ ಎತ್ತಿನ ಗಾಡಿಯನ್ನು ಯಾರೂ ದೂರುವುದಿಲ್ಲ, ಅದರ ಮೇಲೆ ಲಾರಿಯ ಮಾಲು ಹೇರಿದವರನ್ನು ಕೇಳಲೇಬೇಕಾಗುತ್ತದೆ.

ಕೊನೆಯ ಆಕ್ಷೇಪ ಬಹಳ ಜನರ ಮನಸ್ಸಿನಲ್ಲಿರುವುದು. ಪರವಾನಗಿ ಹೆಚ್ಚಾದಷ್ಟೂ ಲಂಚ ಹೆಚ್ಚುತ್ತದೆ, ಪರಿಶೀಲನೆ ಎಂದರೆ ವಸೂಲಿ ಎಂಬುದು. ಜೊತೆಗೆ ಅಧಿಕಾರಿಯ ಕೈಗೆ ಕೆಡವುವ ಅಧಿಕಾರ ಕೊಟ್ಟರೆ ಅದು ಬೇಡದವರ ಮನೆಗೇ ಬುಲ್ಡೋಜರ್ ಕಳಿಸುತ್ತದೆ ಎಂಬ ಭಯ. ಈ ಭಯಕ್ಕೆ ಆಧಾರವಿದ್ದುದರಿಂದಲೇ ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು, ಮೇಲಿನ ತೀರ್ಪಿಗೆ ಒಂದು ತಿಂಗಳ ಮೊದಲು, 15 ದಿನಗಳ ನೋಟಿಸ್ ಇಲ್ಲದೆ, ಮಾತು ಕೇಳದೆ ಕಟ್ಟಡಗಳನ್ನು ಕೆಡವಬಾರದು ಎಂದು ಕಟ್ಟಳೆ ವಿಧಿಸಿತು. ಎರಡು ತೀರ್ಪುಗಳನ್ನು ಒಟ್ಟಿಗೆ ಓದಬೇಕು. ಅಕ್ರಮಕ್ಕೆ ಹಣದ ಬಾಗಿಲು ಬೇಡ, ನ್ಯಾಯಕ್ಕೆ ಅವಸರದ ದಾರಿಯೂ ಬೇಡ ಎಂಬುದು ಅವುಗಳ ಒಟ್ಟು ತಾತ್ಪರ್ಯ. ಲಂಚಕ್ಕೆ ಮದ್ದು ಗುಟ್ಟನ್ನು ತೆಗೆಯುವುದು. ಲಂಚ ಬೆಳೆಯುವುದು ಕಡತ ಇಬ್ಬರ ನಡುವೆ ಮಾತ್ರ ಇರುವಾಗ. ನಕ್ಷೆ, ಓಸಿ, ಅಗ್ನಿಶಾಮಕ ಇಲಾಖೆಯ ಪತ್ರ, ಉದ್ದಿಮೆ ಪರವಾನಗಿ ಇವು ಒಂದೇ ಕಟ್ಟಡದ ಒಂದೇ ಪುಟದಲ್ಲಿ ಯಾರು ಬೇಕಾದರೂ ನೋಡುವಂತಿದ್ದರೆ ನಾಲ್ಕು ಮಹಡಿಗೆ ಒಪ್ಪಿಗೆಯಿರುವ ಕಡೆ ಆರನೇ ಮಹಡಿಗೆ ಪರವಾನಗಿ ಕೊಟ್ಟ ಸಹಿ ಯಾರದು ಎಂಬುದು ಬೀದಿಯ ಮಕ್ಕಳಿಗೂ ತಿಳಿಯುತ್ತದೆ. ಆಸ್ತಿ ತೆರಿಗೆಗೆ ಪ್ರತಿ ಕಟ್ಟಡಕ್ಕೂ ಒಂದು ಸಂಖ್ಯೆ ಕೊಟ್ಟು ಹಣ ಲೆಕ್ಕ ಹಾಕಬಲ್ಲ ಪಾಲಿಕೆಗೆ, ಅದೇ ಸಂಖ್ಯೆಯಡಿ ಈ ನಾಲ್ಕು ಕಾಗದಗಳನ್ನು ಜೋಡಿಸುವುದು ಆಗದ ಕೆಲಸವಲ್ಲ.

ಲಿಫ್ಟ್‌ನ ಫಲಕ

ಹೀಗೆ ನೋಡಿದಾಗ ಮಾಡಬೇಕಾದ ಕೆಲಸ ಬಹಳ ದೊಡ್ಡದೇನಲ್ಲ. ಉಲ್ಲಂಘನೆಗಳನ್ನು ಎರಡು ಪಟ್ಟಿಯಾಗಿ ಬೇರ್ಪಡಿಸಬೇಕು. ಅಳತೆಯ ಚಿಕ್ಕ ವ್ಯತ್ಯಾಸ, ದಾಖಲೆಯ ಕೊರತೆ, ಬಾಲ್ಕನಿಗೆ ಗಾಜು ಹಾಕಿದ್ದು ಇಂಥವು ಒಂದು ಪಟ್ಟಿ. ಇವಕ್ಕೆ ದಂಡ ಇರಲಿ, ಕ್ಷಮೆಯೂ ಇರಲಿ. ಮೆಟ್ಟಿಲು, ಹೊರದಾರಿ, ಅಗ್ನಿಶಾಮಕ ವಾಹನದ ಜಾಗ, ಕಂಬ–ಪಾಯದ ತಾಕತ್ತು, ನೆಲಮಾಳಿಗೆಯ ಬಳಕೆ, ಲೆಕ್ಕಕ್ಕಿಂತ ಹೆಚ್ಚಿನ ಮಹಡಿ ಇವು ಇನ್ನೊಂದು ಪಟ್ಟಿ. ಇವುಗಳಿಗೆ ಬೆಲೆ ಕಟ್ಟುವ ಅಧಿಕಾರ ಯಾವ ಸರ್ಕಾರಕ್ಕೂ ಇರಬಾರದು. ಸರಿಪಡಿಸಿ, ಇಲ್ಲವೇ ಬಳಕೆ ನಿಲ್ಲಿಸಿ ಎಂಬುದೊಂದೇ ಉತ್ತರ. ಹಾಗೆಯೇ ಉದ್ದಿಮೆ ಪರವಾನಗಿಯ ಅರ್ಜಿಯಲ್ಲಿ ಒಂದು ಹೊಸ ಸಾಲು ಸೇರಬೇಕು: ಈ ಮಹಡಿಯಲ್ಲಿ ಒಟ್ಟಿಗೆ ಎಷ್ಟು ಜನ ಇರುತ್ತಾರೆ? ಆ ಸಂಖ್ಯೆಯನ್ನು ನಕ್ಷೆಯಲ್ಲಿರುವ ಮೆಟ್ಟಿಲಿನ ಅಗಲದೊಂದಿಗೆ ತಾಳೆ ನೋಡಿ ಸಹಿ ಹಾಕುವ ಹೊಣೆ ಹೆಸರಿರುವ ಒಬ್ಬ ಅಧಿಕಾರಿಯದಾಗಬೇಕು. ಎರಡು ಮೇಜುಗಳ ನಡುವೆ ಇಂದು ಕಳೆದುಹೋಗಿರುವ ಲೆಕ್ಕ ಆ ಒಂದು ಸಾಲಿನಲ್ಲಿ ಸಿಗುತ್ತದೆ.

ನಮ್ಮ ಕಟ್ಟಡಗಳಲ್ಲಿ ಇಂಥ ಲೆಕ್ಕ ಬರೆದಿಟ್ಟ ಜಾಗ ಒಂದು ಈಗಾಗಲೇ ಇದೆ. ಲಿಫ್ಟ್‌ನೊಳಗೆ ಹೋದವರೆಲ್ಲ ಅದನ್ನು ಓದಿರುತ್ತಾರೆ: 8 ಜನ, 544 ಕಿಲೊ. ಒಂಬತ್ತನೆಯವರು ಕಾಲಿಟ್ಟರೆ ಅದು ಕೂಗಿಕೊಳ್ಳುತ್ತದೆ, ಅವರು ತಕರಾರಿಲ್ಲದೆ ಹೊರಗೆ ಬರುತ್ತಾರೆ. ಹೆಚ್ಚುವರಿ ಶುಲ್ಕ ಕಟ್ಟುತ್ತೇನೆ, ಒಂಬತ್ತು ಜನರನ್ನು ಸಕ್ರಮ ಮಾಡಿ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಹಗ್ಗಕ್ಕೆ ರಸೀದಿ ಓದಲು ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದೇ ಲಿಫ್ಟ್‌ನ ಪಕ್ಕದಲ್ಲಿ ಇನ್ನೊಂದು ಬರಹ ಇರುತ್ತದೆ: ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ, ಮೆಟ್ಟಿಲು ಬಳಸಿ. ಅಂಥ ಗಳಿಗೆಯಲ್ಲಿ ನಮ್ಮೆಲ್ಲರ ಜೀವ ನಿಂತಿರುವ ಆ ಮೆಟ್ಟಿಲಿನ ಮೇಲೆ ಮಾತ್ರ ಯಾವ ಸಂಖ್ಯೆಯೂ ಇಲ್ಲ. ಈ ಕಟ್ಟಡಕ್ಕೆ ಒಪ್ಪಿಗೆ ಸಿಕ್ಕ ಮಹಡಿಗಳು ಇಷ್ಟು, ಈ ಮಹಡಿಯಲ್ಲಿ ಇರಬಹುದಾದ ಜನ ಇಷ್ಟು ಎಂದು ಪ್ರತಿ ತಿರುವಿನ ಗೋಡೆಯ ಮೇಲೂ ಬಣ್ಣದಲ್ಲಿ ಬರೆಸಲಿ. ಅದಕ್ಕೆ ಬೇಕಾಗುವುದು ಒಂದು ಡಬ್ಬಿ ಪೇಂಟು ಮತ್ತು ಬರೆದದ್ದನ್ನು ಪಾಲಿಸುವ ಮನಸ್ಸು. ಪಾರ್ಕ್ ಸ್ಟ್ರೀಟ್‌ನ ಆ ಮಂಗಳವಾರ ಮಧ್ಯಾಹ್ನ ಮೇಲಿನ ಮಹಡಿಗಳಲ್ಲಿ ಕೆಲಸ ಮಾಡುತ್ತಿದ್ದವರಿಗೆ ತಾವಿರುವ ಮಹಡಿ ಒಂದು ಕಾಲಕ್ಕೆ ನಕ್ಷೆಯಲ್ಲೇ ಇರಲಿಲ್ಲ ಎಂಬುದನ್ನು ಯಾರೂ ಹೇಳಿರಲಿಲ್ಲ. ಮುಂದಿನವರಿಗಾದರೂ ಅದನ್ನು ಗೋಡೆ ಹೇಳಲಿ.